ಬಟಾಣಿ ಭಾಷೆ

ಆ ದಿನದ ರಾದ್ಧಾಂತ ಶುರುವಾದದ್ದು ಒಂದು ಜೊತೆ ಚಪ್ಪಲಿಯಿಂದ.

ಬೆಳಿಗ್ಗೆ ನುಣ್ಣಗೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿಸಿಟ್ಟಿದ್ದ ಅಂಗಿ ತೊಟ್ಟು ಹೊರಡುವ ಹೊತ್ತಿಗೆ ಮೈಕಣ್ಣ ಮನೆಯೆಲ್ಲ ಕೇಳುವಂತೆ ಕೂಗಿದ: “ನನ್ನ ಪಚ್ಚಲಿ ಎಲ್ಲೇ?”

“ಗಾಬಿಲ ಹಿಂದೆ ನೋಡ್ರೀ,” ಎಂದಳು ಹೆಂಡತಿ, ಹೊಲಿಗೆ ಯಂತ್ರದ ಮುಂದಿನಿಂದ ಏಳದೆ.

“ಹಾಗೇ ನನ್ನ ಕನ್ನಕಡ ಕಂಡ್ರೆ ತಂದುಕೊಡೋ,” ಎಂದರು ಅವನ ತಾಯಿ.

ಮೂವರೂ ಬುದ್ಧಿ ನೆಟ್ಟಗಿರುವ, ಓದು ಬರಹ ಬಲ್ಲ ಜನ. ತಾವೀಗ ಆಡಿದ್ದರಲ್ಲಿ ಏನೋ ಐಬಿದೆ ಎಂದು ಮೂವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಯಾವುದಕ್ಕೆ ಏನು ಹೆಸರು ಎಂದು ತೀರ್ಮಾನಿಸುವ ಅಧಿಕಾರ ಇದ್ದದ್ದು ಮೈಕಣ್ಣನ ನಾಲ್ಕು ವರ್ಷದ ಮಗಳಿಗೆ. ಅವಳನ್ನು ಎಲ್ಲರೂ ಬಟಾಣಿ ಎಂದು ಕರೆಯುತ್ತಿದ್ದರು.

ಬಟಾಣಿಯ ಬಾಯೊಳಗೆ ಹೋದ ಮಾತು ಹೋದ ಹಾಗೆಯೇ ಹೊರಗೆ ಬಂದದ್ದಿಲ್ಲ. ಬಸ್ಸು ‘ಬಬ್ಬುಸ್ಸು’, ಟಿಕೆಟ್ಟು ‘ಕಿಟೆಟ್ಟು’, ಲಗೇಜು ‘ಗಲೇಜು’. ಹೆಸರು ಗೊತ್ತಿಲ್ಲದ ವಸ್ತು ಕಂಡರೆ ಅವಳು ಕೇಳುತ್ತಲೂ ಇರಲಿಲ್ಲ, ತಾನೇ ಒಂದು ಹೆಸರಿಟ್ಟುಬಿಡುತ್ತಿದ್ದಳು. ದಿಂಬು ‘ತಲೆಬೆಣ್ಣೆ’. ಕೊಡೆ ‘ಮಳೆಟೋಪಿ’. ಮೀಸೆ ‘ಮೂಗಿನ ಹುಬ್ಬು’. ಕತ್ತಿಗೆ ಕಟ್ಟುವ ಟೈ ‘ಕೊರಳುಬಾಲ’. ಬೋಳು ತಲೆಗಂತೂ ‘ಮೊಣಕಾಲ್ತಲೆ’ ಎಂದಿಟ್ಟಿದ್ದಳು. ಒಮ್ಮೆ ಆ ಹೆಸರು ಕೇಳಿದವರಿಗೆ ಆಮೇಲೆ ಎಂಥ ಗಣ್ಯರ ಬೋಳು ತಲೆ ಎದುರಾದರೂ ಮೊಣಕಾಲೇ ಕಾಣುತ್ತಿತ್ತು. ಹಾಗಿತ್ತು ಅವಳ ನಾಮಕರಣದ ಜೋರು.

ಮಕ್ಕಳು ಹೀಗೆ ಮಾತಾಡುವುದು ಎಲ್ಲ ಮನೆಗಳಲ್ಲೂ ಇದೆ. ದೊಡ್ಡವರೂ ಹೀಗೆ ಮಾತಾಡಲು ಶುರುಮಾಡಿದ್ದು ಅಜ್ಜಿಯ ಕಾನೂನಿನಿಂದ. ಬಟಾಣಿ ಇನ್ನೂ ಚಿಕ್ಕವಳಿದ್ದಾಗ ಮೈಕಣ್ಣ ಒಂದು ದಿನ, “ಗಾಬಿಲು ಅಲ್ಲ ಪುಟ್ಟಾ, ಬಾಗಿಲು” ಎಂದು ತಿದ್ದಿದ್ದ. ಮಗು ತುಟಿ ಉಬ್ಬಿಸಿಕೊಂಡು ಆ ದಿನವೆಲ್ಲ ಬಾಯಿ ಬಿಡಲಿಲ್ಲ. ಅಜ್ಜಿ ಕೆರಳಿ ಕೆಂಡವಾದರು.

“ಮಾತಾಡೋ ಮಗು ಬಾಯಿ ಮುಚ್ಚಿಸಿದ್ಯಲ್ಲೋ! ಇವತ್ತಿಂದ ಈ ಮನೇಲಿ ಅವಳು ಅಂದಿದ್ದೇ ಮಾತು. ಯಾರು ಸರಿಯಾಗಿ ಮಾತಾಡ್ತಾರೋ ಅವತ್ತಿನ ಪಾತ್ರೆಯೆಲ್ಲ ಅವರೇ ತೊಳೀಬೇಕು. ಯಾರೇ ಆಗ್ಲಿ, ಬಿಡೋ ಮಾತೇ ಇಲ್ಲ!”

ಮೊದಮೊದಲು ಪಾತ್ರೆಯೆಲ್ಲ ಮೈಕಣ್ಣನ ಪಾಲಿಗೇ ಬಂತು. ಸಂಜೆ ಅವನು ನಲ್ಲಿಯ ಮುಂದೆ ನಿಂತು ಸೋಪು ನೊರೆಯಲ್ಲಿ ಮೊಣಕೈವರೆಗೆ ಮುಳುಗಿರುವಾಗ, ಬಟಾಣಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದಳು. ಆಮೇಲೆ ನಾಲಿಗೆ ಹದಕ್ಕೆ ಬಂತು. ಬಂದದ್ದು ಎಷ್ಟೆಂದರೆ, ಹೆಂಡತಿ ಅಂಗಡಿಗೆ ಹೋಗಿ ಮಳೆಟೋಪಿ ಕೇಳಿ ಬಂದಿದ್ದಳು.

ಮೈಕಣ್ಣನಿಗೆ ಮಾತ್ರ ಈ ಭಾಷೆಯನ್ನು ಮನೆಯಲ್ಲೇ ಬಿಟ್ಟು ಹೊರಡದೆ ಗತಿಯಿರಲಿಲ್ಲ. ಅವನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳು ಹೋಗಿ ಬರುವುದನ್ನು ಸಾರುವವನು. ಅವನ ಉಚ್ಚಾರ ತೊಳೆದಿಟ್ಟ ಗಾಜಿನ ಲೋಟದ ಹಾಗೆ. ನಿಲ್ದಾಣದ ಹಿಂಗೋಡೆಗೆ ಅಂಟಿಕೊಂಡೇ ಅವನ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಧ್ವನಿವರ್ಧಕ ನೆಟ್ಟಗೆ ಒಳಕ್ಕೆ ಕೂಗುತ್ತಿತ್ತು. ಅಪ್ಪನ ದನಿ ಕೇಳದಿದ್ದರೆ ಬಟಾಣಿಗೆ ತುತ್ತು ಇಳಿಯುತ್ತಿರಲಿಲ್ಲ. ಸೌಟನ್ನು ಬಾಯಿಯ ಮುಂದೆ ಹಿಡಿದು ತುಟಿ ಆಡಿಸುತ್ತಾ ಕಿಟಕಿಯಲ್ಲಿ ಕೂರುತ್ತಿದ್ದಳು.

ಕಳೆದ ವಾರ ಅವಳಿಗೆ ಜ್ವರ ಬಂತು. ಮೈಕಣ್ಣ ವಾರವಿಡೀ ರಜೆ ಹಾಕಿ ಮಂಚದ ಪಕ್ಕ ಕೂತ. ಏಳು ದಿನ ಅವನ ಬಾಯಿಂದ ಬಂದದ್ದೂ ಕಿವಿಗೆ ಬಿದ್ದದ್ದೂ ಬಟಾಣಿ ಭಾಷೆಯೊಂದೇ. ಜ್ವರ ಮಗುವನ್ನು ಬಿಟ್ಟಿತು. ಭಾಷೆ ಅಪ್ಪನನ್ನು ಬಿಡಲಿಲ್ಲ.

ಅದಕ್ಕೆ ಸರಿಯಾಗಿ ಇವತ್ತೇ ಮುಖ್ಯ ಕಚೇರಿಯ ಸಾಹೇಬರು ಬರುವವರಿದ್ದರು. ಇನ್ನು ಮುಂದೆ ನಿಲ್ದಾಣದಲ್ಲಿ ಯಾರೂ ಬಾಯಲ್ಲಿ ಕೂಗಬೇಕಿಲ್ಲವಂತೆ. ಒಂದು ಒಳ್ಳೆಯ ದನಿಯನ್ನು ಯಂತ್ರದಲ್ಲಿ ತುಂಬಿಟ್ಟರೆ ಅದೇ ಕೂಗಿಕೊಳ್ಳುತ್ತದಂತೆ. ಮೈಕಣ್ಣನ ದನಿ ಸಾಹೇಬರಿಗೆ ಒಪ್ಪಿಗೆಯಾದರೆ ಯಂತ್ರ ನಡೆಸುವವನೂ ಅವನೇ, ಆ ಗಾಜಿನ ಕೋಣೆಯೂ ತಿರುಗುವ ಕುರ್ಚಿಯೂ ಅವನವೇ. ಒಪ್ಪಿಗೆಯಾಗದಿದ್ದರೆ ಮೆಟ್ಟಿಲ ಕೆಳಗಿನ ಲಗೇಜ್ ಕೋಣೆ. ಅಲ್ಲಿ ಕಿಟಕಿಯಿಲ್ಲ, ಗಾಳಿಯಿಲ್ಲ, ಮೈಕಂತೂ ಇಲ್ಲವೇ ಇಲ್ಲ. ಹೆಸರಿನೊಳಗಿಂದ ಮೈಕು ಹೋದರೆ ಬರೀ ‘ಅಣ್ಣ’ ಉಳಿಯುತ್ತದೆ ಎಂದು ನೆನೆದೇ ಅವನಿಗೆ ಸಂಕಟವಾಗುತ್ತಿತ್ತು.

ನಿಲ್ದಾಣದ ಬಾಗಿಲಲ್ಲೇ ಲಗೇಜ್ ಕೋಣೆಯ ಮುದುಕ ಎದುರಾದ. ಅವನು ನಿವೃತ್ತಿಯಾಗಲು ಬದಲಿ ಆಳಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವನು.

“ಸ್ಟೂಲು ಒರೆಸಿಟ್ಟಿದೀನಪ್ಪಾ,” ಎಂದ ಪ್ರೀತಿಯಿಂದ. “ಒಂದು ಕಾಲು ಸ್ವಲ್ಪ ಅಲ್ಲಾಡುತ್ತೆ, ಅಷ್ಟೇ.”

“ನಿಮ್ಮ ಸ್ಟೂಲು ನೀವೇ ಇಟ್ಕೊಳ್ಳಿ,” ಎಂದು ಮೈಕಣ್ಣ ದುರ್ದಾನ ತೆಗೆದುಕೊಂಡವನಂತೆ ಒಳಗೆ ನಡೆದ.

ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಮೈಕಿನ ಗುಂಡಿ ಒತ್ತಿದ.

“ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಬ್ಬುಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ. ಕಿಟೆಟ್ಟು ಪಡೆದು...”

 ಮೂರನೇ ಪ್ಲಾಟ್‌ಫಾರಂನಿಂದ ಒಂದು ದೊಡ್ಡ ನಗೆ ಎದ್ದು ಒಂದನೆಯದರವರೆಗೆ ಉರುಳಿಕೊಂಡು ಬಂತು. ಮೈಕಣ್ಣ ಸರಿಪಡಿಸಲು ಮತ್ತೆ ಗುಂಡಿ ಒತ್ತಿದ.

“ಕ್ಷಮಿಸಿ. ಬಬ್ಬುಸ್ಸು ಅಲ್ಲ. ಬಬ್... ಬುಸ್... ನಿಮ್ಮ ನಿಮ್ಮ ಗಲೇಜು ಜೋಪಾನ!”

ಈ ಸಲ ಡ್ರೈವರೊಬ್ಬ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕ ರಭಸಕ್ಕೆ ಹಾರನ್ನು ಒತ್ತಿಹೋಯಿತು.

ಮ್ಯಾನೇಜರು ಓಡಿ ಬಂದರು. “ಏನ್ರೀ ಮೈಕಣ್ಣ ಇದು? ಸಾಹೇಬರು ಬರೋ ದಿನ!”

“ನಾಲಿಗೆ ಜಾರಿತು ಸಾರ್.”

“ಒಂದು ಸಲ ಜಾರಿದ್ರೆ ಜಾರಿತು ಅನ್ನಬಹುದು. ಮೂರು ಸಲ ಜಾರೋಕೆ ಅದೇನು ನಾಲಿಗೆಯೋ, ಪಾಚಿ ಕಟ್ಟಿದ ಬಚ್ಚಲೋ?”

ಸುದ್ದಿ ತಿಳಿದದ್ದೇ ತಡ, ಉಪಕಾರ ಮಾಡುವವರ ಸಾಲು ಹತ್ತಿತು. ಚಹಾದವನು ಒಂದು ಚೊಂಬು ಬಿಸಿ ಉಪ್ಪುನೀರು ತಂದು, “ಮುಕ್ಕಳಿಸಣ್ಣಾ, ಗಂಟಲಲ್ಲಿ ಸಿಕ್ಕೊಂಡಿರೋದೆಲ್ಲ ಹೊರಗೆ ಬರುತ್ತೆ” ಎಂದ. ಮುಕ್ಕಳಿಸಿದ್ದಕ್ಕೆ ಗಂಟಲು ಸುಟ್ಟಿತು, ಬಬ್ಬುಸ್ಸು ಒಳಗೇ ಉಳಿಯಿತು. ನಕ್ಕ ಡ್ರೈವರು ಬಂದು ಎರಡು ಲವಂಗ ಕೊಟ್ಟು ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಹೇಳಿದ. ಇಟ್ಟುಕೊಂಡ ಮೇಲೆ ಬಬ್ಬುಸ್ಸಿನ ಜೊತೆಗೆ ಜೊಲ್ಲೂ ಬಂತು.

ವಿಚಾರಣೆ ಕಿಟಕಿಯ ಅಕ್ಕ ಮಾತ್ರ ಕೈಕಟ್ಟಿ ನಿಂತು ನೋಡಿದರು. ರಜೆಯ ವಾರದಲ್ಲಿ ಮೈಕು ಹಿಡಿದಿದ್ದವರು ಅವರೇ. ಅವರು ‘ಬಸ್ಸು ಹೊರಡಲಿದೆ’ ಎಂದರೆ ‘ಹತ್ತಿದರೆ ಹತ್ತಿ, ಬಿಟ್ಟರೆ ಬಿಡಿ, ನನಗೇನು’ ಎಂದ ಹಾಗೆ ಕೇಳುತ್ತಿತ್ತು.

“ಯಾರಿಂದ ಕಲಿತ್ರಿ ಇದನ್ನ?” ಎಂದು ಕೇಳಿದರು.

“ಮಗಳಿಂದ ಅಕ್ಕಾ.”

“ಹಾಗಾದ್ರೆ ಸಾಹೇಬರ ಮುಂದೆ ಮಗಳನ್ನ ಮರೀರಿ. ಅವರು ಬಂದು ಹೋಗೋವರೆಗೆ ನಿಮಗೆ ಮಗಳೇ ಇಲ್ಲ ಅಂದ್ಕೊಳ್ಳಿ.”

ಮೈಕಣ್ಣ ಹಾಗೆಯೇ ಅಂದುಕೊಳ್ಳಲು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಬಟಾಣಿ ಮಳೆಟೋಪಿ ಹಿಡಿದು ನಿಂತಿದ್ದಳು.

ಸಾಹೇಬರು ಮಧ್ಯಾಹ್ನ ಬಂದರು. ಕಾರಿನಿಂದ ಮೊದಲು ಹೊಳೆಯುವ ಬೂಟು ಇಳಿಯಿತು, ಆಮೇಲೆ ಕೆಂಪು ಟೈ ಇಳಿಯಿತು, ಆಮೇಲೆ ಪೊದೆ ಮೀಸೆ, ಕೊನೆಗೆ ಒಂದೇ ಒಂದು ಕೂದಲೂ ಇಲ್ಲದ ತಲೆ.  ಬಟಾಣಿಯ ಅರ್ಧ ನಿಘಂಟು ಒಬ್ಬ ಮನುಷ್ಯನ ಮೈಮೇಲೆ ನಡೆದುಕೊಂಡು ಬರುತ್ತಿತ್ತು.

‘ತಲೆ ನೋಡಬಾರದು, ಮೀಸೆ ನೋಡಬಾರದು, ಕತ್ತು ನೋಡಬಾರದು’ ಎಂದು ಜಪಿಸುತ್ತಾ ಅವನು ಸಾಹೇಬರ ಬೂಟಿನೊಡನೆಯೇ ಮಾತಾಡಿದ. “ಬನ್ನಿ ಸಾರ್, ಬನ್ನಿ.”

“ಬಹಳ ವಿನಯವಂತ,” ಎಂದರು ಸಾಹೇಬರು ಮ್ಯಾನೇಜರಿಗೆ. ಮ್ಯಾನೇಜರ ಮುಖ ಅರಳಿತು. ಎಲ್ಲ ಸರಿಹೋಗುವ ಹಾಗೇ ಇತ್ತು. ಸಾಹೇಬರು ಯಂತ್ರದ ಪೆಟ್ಟಿಗೆ ತೆರೆದು ವೈರು ಜೋಡಿಸಿದರು. ಚಹಾದವನು ಲೋಟ ತಂದಿಟ್ಟ. ಸಾಹೇಬರು ಬಗ್ಗಿ ಒಂದು ಗುಂಡಿ ತಿರುಗಿಸುವಾಗ ಅವರ ಟೈ ನಿಧಾನವಾಗಿ ತೂಗಿಕೊಂಡು ಚಹಾದ ಲೋಟದ ಮೇಲಕ್ಕೆ ಬಂತು.

ಮೈಕಣ್ಣ ಒಳ್ಳೆಯ ಮನುಷ್ಯ. ಅದೇ ತೊಂದರೆ.

“ಸಾರ್! ಸಾರ್, ನಿಮ್ಮ ಬಾಲ!” ಎಂದು ಚೀರಿದ.

ಸಾಹೇಬರು ಗಾಬರಿಯಿಂದ ಹಿಂದಕ್ಕೆ ತಿರುಗಿ ನೋಡಿಕೊಂಡರು. ಅಲ್ಲೇನೂ ಇರಲಿಲ್ಲ. ಅಷ್ಟರಲ್ಲಿ ಟೈ ಚಹಾದಲ್ಲಿ ಮುಳುಗಿ ಎದ್ದು ಹನಿ ಸಿಡಿಸಿತ್ತು.

“ಏನಂದ್ರಿ?”

“ಬಾಲ ಅಲ್ಲ ಸಾರ್, ಕೊರಳುಬಾಲ... ಅಯ್ಯೋ, ಒರೆಸಿಬಿಡ್ತೀನಿ ಸಾರ್, ಮೂಗಿನ ಹುಬ್ಬಿಗೂ ಸಿಡಿದಿದೆ... ಮೊಣಕಾಲ್ತಲೆ ಮೇಲೂ ಒಂದು ಹನಿ...”

 ಚಹಾದವನು ಮೆಲ್ಲಗೆ ಗೋಡೆಗೆ ಮುಖ ತಿರುಗಿಸಿದ. ಅವನ ಬೆನ್ನು ಕುಲುಕುತ್ತಿತ್ತು. ಸಾಹೇಬರು ಒಂದು ಕೈಯನ್ನು ತಲೆಯ ಮೇಲಿಟ್ಟುಕೊಂಡು, ಇನ್ನೊಂದರಿಂದ ಟೈ ಹಿಂಡುತ್ತಾ ತಣ್ಣಗೆ ಕೇಳಿದರು: “ಮ್ಯಾನೇಜರೇ, ಈತ ಕುಡಿದು ಬಂದಿದ್ದಾನೋ, ಅಥವಾ ಬೇಕೂಂತಲೇ ಅಂತಿದ್ದಾನೋ?”

“ಇಲ್ಲ ಸಾರ್!” ಮೈಕಣ್ಣ ಕೈಮುಗಿದ. ಅವನ ದನಿಯಲ್ಲಿ ಈಗ ನಿಜಕ್ಕೂ ಅಳು ಇತ್ತು. “ತಪ್ಪು ನಂದಲ್ಲ ಸಾರ್. ನನ್ನ ಮಗಳು ಹೀಗೇ ಮಾತಾಡೋದು. ಅವಳ ಜೊತೆ ಇದ್ದೂ ಇದ್ದೂ ನನಗೂ ಅಂಟಿಕೊಂಡಿದೆ. ಒಂದು ವಾರದಲ್ಲಿ ಬಿಟ್ಟುಹೋಗುತ್ತೆ. ನಾನು ಕುಡಿಯೋನಲ್ಲ, ಯಾರನ್ನೂ ಹಂಗಿಸೋನೂ ಅಲ್ಲ.”

“ಮಗುವಿನ ಮೇಲೆ ಹಾಕ್ತಿದ್ದೀರಾ? ನಾಚಿಕೆಯಾಗಬೇಕು.”

“ನೀವೇ ಅವಳ ಬಾಯಲ್ಲೇ ಕೇಳಿ ಸಾರ್. ಮನೆ ಇಲ್ಲೇ ಹಿಂದುಗಡೆ. ಅವಳೊಂದು ಮಾತಾಡಿದ್ರೆ ಸಾಕು, ನಿಮಗೇ ಗೊತ್ತಾಗುತ್ತೆ.”

ಸಾಹೇಬರು ಗಡಿಯಾರ ನೋಡಿಕೊಂಡು, “ಕರೆಸಿ,” ಎಂದರು. “ಅವಳು ನೀವು ಹೇಳಿದ ಹಾಗೆ ಮಾತಾಡಿದ್ರೆ ನಿಮ್ಮ ಕುರ್ಚಿ ನಿಮಗೆ. ಇಲ್ಲದಿದ್ರೆ ಇವತ್ತೇ ಕೆಳಗೆ.”

ಮೈಕಣ್ಣನಿಗೆ ಹೋದ ಜೀವ ಮತ್ತೆ ಬಂತು. ಜಗತ್ತಿನಲ್ಲಿ ಅವನಿಗೆ ಇಷ್ಟು ಖಾತ್ರಿಯ ಸಾಕ್ಷಿ ಇನ್ನೊಂದಿರಲಿಲ್ಲ. ಬಟಾಣಿ ಬಾಯಿ ತೆರೆದರೆ ಸಾಕು, ಗೆದ್ದ ಹಾಗೆಯೇ.

ಚಹಾದವನು ಓಡಿಹೋಗಿ ಕರೆತಂದ. ಬಟಾಣಿಯ ಕೈಹಿಡಿದು ಅಜ್ಜಿಯೂ ಬಂದರು. ಮಗನಿಗೆ ಕಷ್ಟ ಬಂದಿದೆ ಎಂದು ಕೇಳಿದ ಅವಸರದಲ್ಲಿ ಕನ್ನಡಕ ಮನೆಯಲ್ಲೇ ಉಳಿದಿತ್ತು.

“ನಮಸ್ಕಾರಪ್ಪಾ,” ಎಂದು ಅವರು ಚಹಾದವನಿಗೇ ಕೈಮುಗಿದರು. “ನನ್ನ ಮಗ ಚಿನ್ನದಂಥವನು ಸಾಹೇಬ್ರೇ.”

“ಸಾಹೇಬ್ರು ಆ ಕಡೆ ಇದಾರೆ ಅಮ್ಮಾ,” ಎಂದ ಚಹಾದವನು.

“ಕನ್ನಕಡ ಇಲ್ಲದೆ ಏನೂ ಕಾಣಲ್ಲ ನೋಡು. ಯಾರು, ಆ ಮೊಣಕಾಲ್ತಲೆಯವರಾ?”

“ಮನೆಮಂದಿಯೆಲ್ಲ ಒಟ್ಟಾಗಿದ್ದೀರಿ,” ಎಂದರು ಸಾಹೇಬರು ಹಲ್ಲು ಕಚ್ಚಿ. ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತರು. ಆಚೆ ಪ್ರಯಾಣಿಕರು ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಬಂದರಿಗೆ ಹೋಗುವ ಬಸ್ಸಿನವರು ಬಸ್ಸನ್ನೇ ಬಿಟ್ಟು ಇಳಿದು ಬಂದಿದ್ದರು.

ಮೈಕಣ್ಣ ಮಗಳನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿ, ಬಾಗಿಲ ಕಡೆ ಬೆರಳು ತೋರಿಸಿದ. “ಬಟಾಣೀ, ಚಿನ್ನಾ, ಅದೇನು ಹೇಳು? ಮನೇಲಿ ಹೇಳ್ತೀಯಲ್ಲಾ, ಹಾಗೇ ಹೇಳು.”

ಬಟಾಣಿ ಬಾಗಿಲನ್ನು ನೋಡಿದಳು. ಆಮೇಲೆ ಕೋಣೆಯ ಮೂಲೆ ಮೂಲೆಯನ್ನೂ, ಮೇಜಿನ ಕೆಳಗನ್ನೂ ಬಗ್ಗಿ ನೋಡಿದಳು. ಸಾಹೇಬರನ್ನು ಕೇಳಿದಳು:

“ಮಾಮಾ, ಇಲ್ಲಿ ಪಾತ್ರೆ ಇದ್ಯಾ?”

“ಪಾತ್ರೆಯಾ? ಇಲ್ಲಮ್ಮ, ಇದು ಆಫೀಸು. ಇಲ್ಲೆಲ್ಲಿಂದ ಪಾತ್ರೆ ಬರಬೇಕು?”

“ನಲ್ಲಿ?”

“ನಲ್ಲಿಯೂ ಇಲ್ಲ.”

ಬಟಾಣಿ ನೆಮ್ಮದಿಯ ನಿಟ್ಟುಸಿರು ಬಿಟ್ಟಳು.

“ಬಾಗಿಲು,” ಎಂದಳು.

ಮೈಕಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸಾಹೇಬರ ಟೈ ತೋರಿಸಿದ. “ಇದು? ಇದು ಕೊರಳು...”

“ಟೈ.”

“ಇದು?” ಎಂದು ತನ್ನ ಕಾಲು ಮುಂದಿಟ್ಟ.

“ಚಪ್ಪಲಿ. ಅಪ್ಪಾ, ನಿಂಗೆ ಚಪ್ಪಲಿನೂ ಗೊತ್ತಿಲ್ವಾ?”

“ಬಟಾಣೀ, ಒಂದೇ ಒಂದು ಸಲ ಬಬ್ಬುಸ್ಸು ಅನ್ನಮ್ಮಾ! ಅಪ್ಪಂಗೋಸ್ಕರ!”

ಬಟಾಣಿಯ ಗಮನ ಅಷ್ಟು ಹೊತ್ತಿಗೆ ಅಪ್ಪನ ಮೇಲಿರಲಿಲ್ಲ. ಕಣ್ಣೆದುರಿಗೇ ಮೈಕು ಇತ್ತು. ಸೌಟಲ್ಲ, ನಿಜವಾದ ಮೈಕು. ಅವಳು ಬಗ್ಗಿ ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡಳು, ಥೇಟು ಅಪ್ಪನ ಹಾಗೆ.

“ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ. ಟಿಕೆಟ್ ಪಡೆದು ಬಸ್ಸನ್ನು ಹತ್ತಿ. ನಿಮ್ಮ ಲಗೇಜನ್ನು ಮರೆಯಬೇಡಿ. ಪ್ರಯಾಣ ಸುಖಕರವಾಗಿರಲಿ.”

ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ, ಗಂಟೆ ಬಾರಿಸಿದ ಹಾಗೆ ಬಂತು. ಗಾಜಿನ ಆಚೆ ಚಪ್ಪಾಳೆಯೋ ಚಪ್ಪಾಳೆ. ಇಷ್ಟು ವರ್ಷ ಮೈಕಣ್ಣ ಎಷ್ಟು ಬೇಡಿಕೊಂಡರೂ ಕದಲದಿದ್ದ ಜನ ಸಾಲಾಗಿ ಮೂರನೇ ಪ್ಲಾಟ್‌ಫಾರಂಗೆ ಹೋಗಿ ಬಸ್ಸು ಹತ್ತಿದರು. ಸಾಹೇಬರು ಬಾಯಿ ತೆರೆದು ನಿಂತಿದ್ದವರು ಥಟ್ಟನೆ ಯಂತ್ರದ ಗುಂಡಿ ಒತ್ತಿ, “ಇನ್ನೊಂದು ಸಲ ಹೇಳು ಮರೀ, ಎಲ್ಲ ಹೇಳು” ಎಂದರು. ಅವಳು ಎಲ್ಲವನ್ನೂ ಹೇಳಿದಳು. ಉತ್ತರದ ಬಸ್ಸು, ದಕ್ಷಿಣದ ಬಸ್ಸು, ತಡವಾಗಿ ಬರುವ ಬಸ್ಸು, ಬಾರದೇ ಹೋದ ಬಸ್ಸು. ಒಂದು ಕಡೆಯೂ ತಡವರಿಸಲಿಲ್ಲ.

ಮೈಕಣ್ಣನಿಗೆ ಕಣ್ಣು ತುಂಬಿ ಬಂತು. ಅದು ತನ್ನದೇ ದನಿಯ ಏರಿಳಿತ, ತನ್ನದೇ ನಿಲುಗಡೆ. ಕಿಟಕಿಯಲ್ಲಿ ಕೂತು ಅವಳು ಒಂದೊಂದನ್ನೂ ಹೆಕ್ಕಿಟ್ಟುಕೊಂಡಿದ್ದಳು. ಅರ್ಧ ಕಣ್ಣೀರು ಆ ಹೆಮ್ಮೆಗೆ, ಇನ್ನರ್ಧ ಅಲ್ಲಾಡುವ ಸ್ಟೂಲಿಗೆ.

“ಇಷ್ಟು ಸ್ವಚ್ಛವಾಗಿ ಮಾತಾಡೋ ಮಗುವಿನ ಮೇಲೆ ಗೂಬೆ ಕೂರಿಸಿದ್ರಲ್ಲಾ,” ಎಂದರು ಸಾಹೇಬರು ಪೆಟ್ಟಿಗೆ ಮುಚ್ಚುತ್ತಾ. “ದನಿ ಇವಳದು. ಯಂತ್ರ ವಿಚಾರಣೆ ಕಿಟಕಿಯವರು ನೋಡ್ಕೊಳ್ಳಲಿ. ನೀವು ಕೆಳಗೆ ನಡೀರಿ.”

ಅಜ್ಜಿ ಅಡುಗೆಗೆ ಹೊತ್ತಾಯಿತೆಂದು ಮೊದಲೇ ಹೊರಟರು. ಸಂಜೆ ಕೆಲಸ ಮುಗಿಸಿ, ಲಗೇಜ್ ಕೋಣೆಯ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಮೈಕಣ್ಣ ಮಗಳ ಜೊತೆ ಮನೆಯ ಕಡೆ ನಡೆದ. ಮನೆಯ ಮೆಟ್ಟಿಲ ಹತ್ತಿರ ನಿಂತು, ಕೆಳಗೆ ಕೂತು, ಅವಳ ಮುಖ ನೋಡಿ ಕೇಳಿದ.

“ಬಟಾಣೀ, ನಿಂಗೆ ಎಲ್ಲ ಸರಿಯಾಗಿ ಹೇಳೋಕೆ ಯಾವಾಗಿಂದ ಬರುತ್ತೆ?”

“ಮುಂಚಿಂದ್ಲೂ ಬರುತ್ತಪ್ಪ.”

“ಮತ್ತೆ ಮನೇಲಿ ಯಾಕೆ ಹಾಗೆ ಹೇಳ್ತೀಯಾ?”

ಬಟಾಣಿ ಬಾಗಿಲ ಕಡೆಗೊಮ್ಮೆ ನೋಡಿ, ಅವನ ಕಿವಿಗೆ ಬಾಯಿಟ್ಟು ಗುಟ್ಟಾಗಿ ಹೇಳಿದಳು:

“ಸರಿಯಾಗಿ ಹೇಳಿದವರು ಪಾತ್ರೆ ತೊಳೀಬೇಕಲ್ಲಪ್ಪಾ. ನಂಗೆ ನಲ್ಲಿ ಎಟುಕಲ್ಲ.”

ಅಷ್ಟು ಹೇಳಿ ಅವಳು ಮೆಟ್ಟಿಲು ಹತ್ತಿ, “ಅಜ್ಜೀ, ಗಾಬಿಲು ತೆಗಿ!” ಎಂದು ಕೂಗಿದಳು.

ಮೈಕಣ್ಣ ಅವಳ ಹಿಂದೆಯೇ ನುಗ್ಗಿದ. “ಅಮ್ಮಾ, ಕೇಳಿಸ್ಕೊಂಡ್ಯಾ ಇವಳ ಆಟಾನ? ಇವಳಿಗೆ ಬಾಗಿಲು ಅನ್ನೋಕೆ ಬರುತ್ತೆ! ಬಸ್ಸು ಬರುತ್ತೆ, ಟಿಕೆಟ್ಟು ಬರುತ್ತೆ, ಲಗೇಜು ಬರುತ್ತೆ! ನೀನೇ ನಿಲ್ದಾಣದಲ್ಲಿ ಕೇಳಿದ್ಯಲ್ಲಾ!”

ಅಜ್ಜಿ ಹುಡುಕಿ ಹಾಕಿಕೊಂಡಿದ್ದ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು.

“ಅದು ನಿಲ್ದಾಣ, ಇದು ಮನೆ,” ಎಂದು ಬೆರಳು ಮಡಿಚಿದರು. “ಗಾಬಿಲು ಒಂದು, ಬಬ್ಬುಸ್ಸು ಎರಡು, ಕಿಟೆಟ್ಟು ಮೂರು, ಗಲೇಜು ನಾಲ್ಕು. ಅಷ್ಟನ್ನೂ ಸರಿಯಾಗಿ ಅಂದಿದ್ದೀಯ. ನಾಲ್ಕು ದಿನ ಪಾತ್ರೆ ನಿಂದು.”

ಹೆಂಡತಿ ಸೋಪಿನ ಡಬ್ಬಿ ತಂದು ಕೈಗಿಟ್ಟಳು.

ಊಟವಾದ ಮೇಲೆ ಮೈಕಣ್ಣ ಅಂಗಿಯ ತೋಳು ಮಡಚಿ ನಲ್ಲಿಯ ಮುಂದೆ ನಿಂತ. ಎದುರಿನ ಕಿಟಕಿಯಿಂದ ನಿಲ್ದಾಣದ ಹೊಸ ದನಿ ಸ್ಪಷ್ಟವಾಗಿ ಒಳಗೆ ಬಂತು: “ನಿಮ್ಮ ಲಗೇಜನ್ನು ಮರೆಯಬೇಡಿ. ಪ್ರಯಾಣ ಸುಖಕರವಾಗಿರಲಿ.”

ಆ ದನಿಯ ಒಡತಿ ಅಡುಗೆಮನೆಯ ಹೊಸ್ತಿಲ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ತಾನು ಉಂಡ ತಟ್ಟೆಯನ್ನು ಮುಂದಕ್ಕೆ ಚಾಚಿ ಮುದ್ದಾಗಿ ಹೇಳಿದಳು:

“ಅಪ್ಪಾ, ಇನ್ನೊಂದು ಟತ್ತೆ ಇದೆ.”